ಗಂಗಲಕ್ಷ್ಮಮ್ಮನ ಒದೆಯುವ ಲಾರಿ

ಗಂಗಲಕ್ಷ್ಮಮ್ಮನಿಗೆ ಕೋಪ ಬಂದರೆ ಮೊದಲು ಸೆರಗು ಸೊಂಟಕ್ಕೆ ಹೋಗುತ್ತಿತ್ತು, ಆಮೇಲೆ ದನಿ ಆಕಾಶಕ್ಕೆ ಹೋಗುತ್ತಿತ್ತು. ಮಲ್ಲತ್ತಹಳ್ಳಿಯಲ್ಲಿ ಇದು ಮಕ್ಕಳಿಗೂ ಗೊತ್ತು. ಕೆರೆ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಬರುವ ಲೇಔಟಿನವರು ಸಹ ಅವಳ ಸೆರಗು ಎಲ್ಲಿದೆ ಎಂದು ನೋಡಿಕೊಂಡೇ ಮಾತಾಡಿಸುತ್ತಿದ್ದರು. ಭುಜದ ಮೇಲೆ ಇಳಿಬಿದ್ದಿದ್ದರೆ "ಏನಮ್ಮ, ಆರಾಮಾ?" ಎನ್ನುವರು. ಸೊಂಟಕ್ಕೆ ಸಿಕ್ಕಿಸಿದ್ದರೆ ಕೆರೆಯಲ್ಲಿ ಏನೋ ಹಕ್ಕಿ ಕಂಡವರ ಹಾಗೆ ಮುಖ ಆಚೆ ತಿರುಗಿಸಿಕೊಂಡು ನಡೆದುಬಿಡುವರು.

ಆ ವರ್ಷ ಆಯುಧಪೂಜೆ ಕಳೆದದ್ದೇ ತಡ, ಸೊಂಟಕ್ಕೆ ಸಿಕ್ಕಿಸಿದ ಸೆರಗು ಇಳಿಯಲೇ ಇಲ್ಲ. ಅವಳ ನೀರಿನ ಲಾರಿ ಒದೆಯಲು ಶುರುಮಾಡಿತ್ತು.

ಅದು ಕ್ಲಚ್ ಇಲ್ಲದ ಲಾರಿ. ಗೇರು ತಾನಾಗಿಯೇ ಬೀಳುತ್ತದೆ. ಡ್ರೈವರನ ಬಲಗಾಲಿಗೆ ಮಾತ್ರ ಕೆಲಸ, ಎಡಗಾಲು ಸುಮ್ಮನೆ ಕೂತಿರಬೇಕು. ಮೊದಮೊದಲು ಗೇರು ಯಾವಾಗ ಬಿತ್ತು ಎಂದು ಪಕ್ಕದಲ್ಲಿ ಕೂತವರಿಗೆ ತಿಳಿಯುತ್ತಲೇ ಇರಲಿಲ್ಲ. ಈಗ ನೋಡಿದರೆ ಒಂದರಿಂದ ಎರಡಕ್ಕೆ ಹೋಗುವಾಗ ಹಿಂದಿನಿಂದ ಹೋರಿ ಹಾಯ್ದ ಹಾಗೆ ಧಡ್ ಎನ್ನುತ್ತಿತ್ತು. ನಿಲ್ಲಿಸಲು ಹೋದರೆ ಮತ್ತೆ ಧಡ್. ಟ್ಯಾಂಕು ಪೂರಾ ತುಂಬಿದ್ದರೆ ಹೇಗೋ ತಡೆಯಬಹುದು. ಒಂದು ಮನೆಗೆ ಅರ್ಧ ಹೊಡೆದು ಇನ್ನೊಂದು ಮನೆಗೆ ಹೊರಟರೆ ಮುಗಿಯಿತು: ಗೇರು ಒಂದು ಒದೆ ಕೊಟ್ಟರೆ, ಒಳಗಿನ ನೀರು ಹಿಂದಕ್ಕೆ ಹೋಗಿ ಮುಂದಕ್ಕೆ ಬಂದು ತನ್ನದೊಂದು ಒದೆ ಕೊಡುತ್ತಿತ್ತು. ಗಂಗಲಕ್ಷ್ಮಮ್ಮ ಡ್ರೈವರನ ಪಕ್ಕದ ಸೀಟಿನಲ್ಲಿ ಕಾಫಿ ಕ್ಯಾನು ತೊಡೆಯ ಮೇಲೆ ಇಟ್ಟುಕೊಂಡು ಕೂರುವವಳು. ಆ ತಿಂಗಳು ಅವಳ ಒಂದು ಸೀರೆಯೂ ಕಾಫಿ ಕಲೆ ಇಲ್ಲದೆ ಉಳಿಯಲಿಲ್ಲ.

ಅವಳು ಲಾರಿ ಹತ್ತಿದ್ದು ಗಂಡ ಕೆಂಚಪ್ಪ ಸತ್ತ ವರ್ಷ. ರಾಗಿ ಹೊಲ ಸೈಟುಗಳಾದ ಮೇಲೆ ಮನೆಯ ಹಿಂದೆ ಉಳಿದ ತುಂಡು ಜಾಗದಲ್ಲಿ ಕೆಂಚಪ್ಪ ಬೋರು ಹಾಕಿಸಿದ್ದ. ಗಂಗಮ್ಮ ಒಲಿದಳು, ನೀರು ಉಕ್ಕಿತು. ಅದನ್ನೇ ಲಾರಿಗೆ ತುಂಬಿಸಿ ಸುತ್ತಮುತ್ತ ಮಾರಿ ಸಂಸಾರ ನಡೆಸಿದ. ಅವನು ಒಂದು ದಿನ ಪೈಪು ಸುತ್ತುತ್ತಾ ಸುತ್ತುತ್ತಾ ಅಲ್ಲೇ ಕುಸಿದು ಕೂತವನು ಏಳಲಿಲ್ಲ. ತಿಥಿ ಮುಗಿಯುವ ಮೊದಲೇ ಭಾವಮೈದುನರು, "ಹೆಂಗಸು, ಲಾರಿ ಗೀರಿ ಯಾಕೆ, ಮಾರಿಬಿಡು" ಎಂದರು. "ಹೆಂಗಸು ಅಂತ ನೀರು ಕುಡಿಯೋರು ಹೆದರ್ತಾರಾ?" ಎಂದು ಕೇಳಿ, ಮಾರನೆಯ ಬೆಳಿಗ್ಗೆ ಅವಳೇ ಹೋಗಿ ಕ್ಯಾಬಿನ್ನಿನಲ್ಲಿ ಕೂತಳು. ಪಕ್ಕದಲ್ಲಿ ಹನುಮೇಶ ಸ್ಟೇರಿಂಗ್ ಹಿಡಿದಿದ್ದ. ಕೆಂಚಪ್ಪನ ಕಾಲದಿಂದ ಇದ್ದ ಡ್ರೈವರ್ ಅವನು, ಶ್ರೀಗಂಧದ ಕಾವಲಿನವನು. ಚಪ್ಪಲಿ ಬಿಚ್ಚಿ ಸೀಟಿನ ಹಿಂದೆ ಇಟ್ಟು, ಸ್ಟೇರಿಂಗು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಬರಿಗಾಲಲ್ಲಿ ಓಡಿಸುವವನು. ಮಾತು ಕಮ್ಮಿ. ಅವಳು ಅಷ್ಟು ವರ್ಷ ಇಬ್ಬರ ಮಾತನ್ನೂ ಒಬ್ಬಳೇ ಆಡಿಕೊಂಡು ಬಂದಿದ್ದಳು.

ಆಗ ಇದ್ದದ್ದು ಕ್ಲಚ್ ಲಾರಿ. ನಾಗರಬಾವಿಯ ರಿಂಗ್ ರೋಡಿನಲ್ಲಿ ಸಿಗ್ನಲ್ ಸಿಗ್ನಲಿಗೂ ತುಳಿದು ತುಳಿದು ಹನುಮೇಶನ ಎಡ ಮಂಡಿ ಊದಿಕೊಂಡಿತು. ಅವನು ಹೇಳಲಿಲ್ಲ. ಇಳಿಯುವಾಗ ಬಾಗಿಲು ಹಿಡಿದು ಒಂದು ಗಳಿಗೆ ನಿಲ್ಲುವುದನ್ನು ಅವಳು ನೋಡಿದಳು. ಅವಳೂ ಏನೂ ಹೇಳಲಿಲ್ಲ. "ಹಳೇದು ಹೊಗೆ ಉಗುಳ್ತದೆ, ಜನ ಬೈತಾರೆ" ಎಂದು ನೆಪ ಮಾಡಿ ಅದನ್ನು ಮಾರಿ, ಯಾವುದೋ ಕಂಪನಿಯವರು ಸ್ವಲ್ಪ ದಿನ ಓಡಿಸಿ ಬಿಟ್ಟಿದ್ದ ಈ ಕ್ಲಚ್ ಇಲ್ಲದ ಲಾರಿಯನ್ನು ತಂದು ಟ್ಯಾಂಕು ಕೂರಿಸಿದಳು. ಮಂಡಿಯ ವಿಷಯ ಅವಳ ಬಾಯಿಂದ ಯಾರ ಹತ್ತಿರವೂ ಬರಲಿಲ್ಲ. ಒಳ್ಳೆಯ ಕೆಲಸ ಮಾಡಿ ಸಿಕ್ಕಿಬೀಳುವುದೆಂದರೆ ಅವಳಿಗೆ ನಾಚಿಕೆ.

ಇನ್ನೊಂದು ಗುಣ ಇತ್ತು ಅವಳಲ್ಲಿ. ಯಾವುದನ್ನೇ ಆಗಲಿ ತಿರುಗಿಸಿ ಅಡಿ ನೋಡದೆ ಒಪ್ಪುತ್ತಿರಲಿಲ್ಲ. ಟೊಮೇಟೊ ಬುಟ್ಟಿ ಕೊಂಡರೆ ಅಡಿಯವರೆಗೆ ಕೈ ಹಾಕುವಳು. ಬೆಲ್ಲದ ಅಚ್ಚನ್ನು ಬೋರಲು ಹಾಕುವಳು. ಮನೆ ಕಟ್ಟಿಸುವಾಗ ಅಟ್ಟದ ಹಿಂದಿನ ಗೋಡೆಗೆ ಮೇಸ್ತ್ರಿ ಗಾರೆ ಬಳಿಯದೆ ಬಿಟ್ಟಿದ್ದ. ಏಣಿ ಹಾಕಿ ತಲೆ ತೂರಿಸಿ ಅದನ್ನು ಹಿಡಿದವಳು ಅವಳೇ. "ಕಾಣೋ ಕಡೆ ಎಲ್ಲರೂ ನೆಟ್ಟಗೇ ಮಾಡ್ತಾರೆ. ಮೋಸ ಇರೋದು ಕಾಣದ ಕಡೆ" ಎಂದು ಅವತ್ತಿನಿಂದ ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದಳು.

ಆಯುಧಪೂಜೆಗೆ ಮುಂಚೆ ಲಾರಿಯ ಸರ್ಕಾರಿ ತಪಾಸಣೆ, ಎಫ್‌ಸಿ ಬಂತು. ಎಫ್‌ಸಿ ಎಂದರೆ ನಮ್ಮ ಕಡೆ ಮೊದಲು ಪೇಂಟು. ಟ್ಯಾಂಕಿಗೆ ನೀಲಿ, ಅಡಿಯ ಕಬ್ಬಿಣದ ಚಾಸಿಗೆ ಬೂದಿ ಬಣ್ಣ. ಪೇಂಟಿನವನು ಬ್ಯಾಟರಿ ಪೆಟ್ಟಿಗೆ ಬಿಚ್ಚಿ, ವೈರುಗಳನ್ನು ಪಕ್ಕಕ್ಕೆ ಕಟ್ಟಿ, ನೆಟ್ಟಗೆ ಕೆಲಸ ಮುಗಿಸಿದ್ದ. ಗಂಗಲಕ್ಷ್ಮಮ್ಮ ಬಂದವಳೇ ಸೀರೆ ಎತ್ತಿಕಟ್ಟಿ ಲಾರಿಯ ಅಡಿಗೆ ಬಗ್ಗಿದಳು. ಒಂದು ಕಡೆ, ರೂಪಾಯಿ ಅಗಲದ ಜಾಗದಲ್ಲಿ, ಕಬ್ಬಿಣ ಬೆಳ್ಳಗೆ ಮಿಂಚುತ್ತಿತ್ತು.

"ಇದೇನಯ್ಯಾ, ಇಲ್ಲಿ ಬಿಟ್ಟಿದೀಯ?"

"ಅಲ್ಲಿ ವೈರ್ ಕೂರ್ತದೆ ಅಮ್ಮಾ. ಮೇಲೆ ಕಾಣಲ್ಲ."

"ಕಾಣಲ್ಲ ಅಂತಾನೇ ಬಿಟ್ಟೆ ಅನ್ನು! ನಾನು ಬಗ್ಗಿ ನೋಡಲ್ಲ ಅನ್ಕೊಂಡ್ಯಾ?"

"ಹಂಗಲ್ಲ ಅಮ್ಮಾ, ಅಲ್ಲಿ ಪೇಂಟ್ ಹೊಡಿಬಾರ್ದು ಅಂತ..."

"ಯಾರು ಹೇಳಿದ್ದು? ನಿಮ್ಮಪ್ಪನಾ? ಹೊಡಿ! ತುಕ್ಕು ಹಿಡಿದ್ರೆ ನೀನ್ ಬರ್ತೀಯಾ? ಎರಡು ಸಲ ಹೊಡಿ, ನಾನು ಇಲ್ಲೇ ನಿಂತಿರ್ತೀನಿ."

ಅವಳ ಜೊತೆ ಜಗಳವಾಡುವುದಕ್ಕಿಂತ ಬ್ರಷ್ಷು ಎತ್ತುವುದು ಸುಲಭ. ಅವನು ಎರಡು ಸಲ ಬಳಿದ, ಒಣಗಿದ ಮೇಲೆ ವೈರನ್ನು ಅದರ ಮೇಲೆಯೇ ಕೂರಿಸಿ ಬಿಗಿದ. ಅವಳು ಗೆದ್ದ ಮುಖ ಮಾಡಿಕೊಂಡು ಮನೆಗೆ ಬಂದಳು. ಹಬ್ಬದ ದಿನ ಚೆಂಡು ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಸಿದಳು. ಲಾರಿ ಮದುವಣಗಿತ್ತಿಯ ಹಾಗಿತ್ತು.

ಅದಾದ ಮೇಲೆಯೇ ಒದೆ.

"ಅಕ್ಕಾ, ಗೇರ್ ಒದೀತೈತೆ" ಎಂದು ಮೊದಲು ಹೇಳಿದವನು ಹನುಮೇಶನೇ.

"ನಂಗ್ ಗೊತ್ತಾಗಲ್ವಾ? ಮೈಯೆಲ್ಲ ನಂದೇ ಅಲ್ವಾ ನೋಯ್ತಿರೋದು!"

ಮಾಗಡಿ ರೋಡಿನ ಗ್ಯಾರೇಜಿನವರು ಯಾವುದೋ ಕಂಪ್ಯೂಟರ್ ಸಿಕ್ಕಿಸಿ ನೋಡಿದರು. ಗೇರ್ ಆಯಿಲ್ ಬದಲಾಯಿಸಿದರು. ಎರಡು ದಿನ ಒದೆಯಲಿಲ್ಲವೇನೋ ಅನ್ನಿಸಿತು, ಮೂರನೆಯ ದಿನ ಮೊದಲಿಗಿಂತ ಜೋರಾಗಿ ಒದೆಯಿತು. ಆಗ ಅಲ್ಲಿಯವನೊಬ್ಬ, "ಗೇರ್ ಬಾಕ್ಸ್ ಬಿಚ್ಚಬೇಕಾಗ್ತದೆ. ನಿಮ್ಮ ಡ್ರೈವರ್ ಎರಡು ಕಾಲಲ್ಲೂ ಓಡಿಸ್ತಾರಾ? ಬ್ರೇಕ್ ಒಂದರಲ್ಲಿ, ಎಕ್ಸಲೇಟರ್ ಒಂದರಲ್ಲಿ? ಹಂಗೆ ಮಾಡಿದ್ರೂ ಗೇರ್ ಕೆಡ್ತದೆ" ಎಂದು ಒಂದು ಮಾತು ಎಸೆದ. ಬಿಚ್ಚಲು ಅವಳು ಬಿಡಲಿಲ್ಲ; ಬಿಚ್ಚಿದರೆ ಒಳಗೆ ಏನು ತೆಗೆದು ಏನು ಹಾಕುತ್ತಾರೋ ಕಾಣುವುದಿಲ್ಲವಲ್ಲ. ಆದರೆ ಆ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು.

ಉಳಿದದ್ದಕ್ಕೆ ಗಾಳಿ ಹಾಕಿದವನು ಅವಳ ತಮ್ಮ ಮುನಿರಾಜು. ಅಕ್ಕನ ಲಾರಿಯ ರಿಪೇರಿ, ಡೀಸೆಲ್ಲು ನೋಡಿಕೊಳ್ಳುವವನು. ಸ್ಟೇರಿಂಗಿನ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು.

"ಅವನು ಹುಟ್ಟಿದಾಗಿಂದ ಕ್ಲಚ್ ತುಳಿದೋನು ಅಕ್ಕಾ. ಎಡಗಾಲು ಸುಮ್ನೆ ಇರ್ತದಾ? ಜ್ಞಾಪಕ ಇಲ್ವಾ ನಿಂಗೆ, ಲಾರಿ ಬಂದ ಹೊಸದ್ರಲ್ಲಿ ಕ್ಲಚ್ ಅಂದ್ಕೊಂಡು ಬ್ರೇಕ್ ತುಳಿದು, ನಿನ್ನ ಹಣೆ ಗ್ಲಾಸಿಗೆ ಹೊಡೆದಿದ್ದು?"

ಜ್ಞಾಪಕ ಇತ್ತು. ಅವತ್ತು ನಕ್ಕಿದ್ದಳು. ಈಗ ಅದು ನಗುವ ವಿಷಯವಾಗಿ ಉಳಿಯಲಿಲ್ಲ. ಮಾರನೆಯ ದಿನದಿಂದ ಅವಳ ಕಣ್ಣು ರಸ್ತೆಯ ಮೇಲಿಲ್ಲ, ಹನುಮೇಶನ ಎಡಗಾಲಿನ ಮೇಲೆ. ನೋವಿಗೆ ಅವನು ಆ ಕಾಲನ್ನು ಆಗಾಗ ಮುಂದೆ ಚಾಚಿ ಮಡಿಸುತ್ತಿದ್ದ. ಚಾಚಿದಾಗಲೆಲ್ಲ ಅವಳಿಗೆ ಕಳ್ಳ ಸಿಕ್ಕ ಹಾಗಾಗುತ್ತಿತ್ತು.

ನಾಗರಬಾವಿಯ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಆ ಅನುಮಾನದ ಕಟ್ಟೆ ಒಡೆಯಿತು. ಅಲ್ಲಿ ದಿನವೂ ಬೆಳಿಗ್ಗೆ ನೀರು ಹಾಕಬೇಕು. ಸೆಕ್ರೆಟರಿ ಲಕ್ಷ್ಮೀಪತಿ, ರಿಟೈರಾದ ಮೇಷ್ಟ್ರು, ಬನಿಯನ್ನಿನ ಮೇಲೆ ಟವೆಲು ಹೊದ್ದು ಸಂಪಿನ ಹತ್ತಿರ ಕಾಯುತ್ತಿದ್ದರು. ವಾಚ್‌ಮನ್, ಹಾಲಿನವನು, ಸ್ಕೂಲ್ ಬಸ್ಸಿಗೆ ಮಕ್ಕಳನ್ನು ಹತ್ತಿಸಲು ಬಂದ ಹೆಂಗಸರು, ಎಲ್ಲಾ ಅಲ್ಲೇ ಇದ್ದರು. ಅರ್ಧ ಟ್ಯಾಂಕು ನೀರು ಇತ್ತು. ಹನುಮೇಶ ಹಿಂದಕ್ಕೆ ಹಾಕಿದ. ಲಾರಿ ಒಂದು ಒದೆ ಒದೆಯಿತು, ನೀರು ಇನ್ನೊಂದು ಒದೆಯಿತು, ಟ್ಯಾಂಕಿನ ಮುಚ್ಚಳ ಹಾರಿ ಒಂದು ಕೊಡದಷ್ಟು ನೀರು ಲಕ್ಷ್ಮೀಪತಿಯವರ ತಲೆಯ ಮೇಲೆ ಸುರಿಯಿತು. ಕಾಫಿ ಕ್ಯಾನು ಗಂಗಲಕ್ಷ್ಮಮ್ಮನ ಎದೆಗೆ ಬಡಿಯಿತು. ಮಕ್ಕಳು ಹೋ ಎಂದು ನಕ್ಕವು.

ಆ ನಗುವೇ ಸಾಕಾಯಿತು. ಅವಳು ಕೈ ಚಾಚಿ ಕೀ ಕಿತ್ತುಕೊಂಡಳು.

"ಇಳಿ ಕೆಳಗೆ!"

"ಅಕ್ಕಾ, ನಾನ್ ಏನ್ ಮಾಡ್ದೆ? ಬ್ರೇಕ್ ಮೇಲೆ ಬಲಗಾಲೇ ಐತೆ ನೋಡಿ..."

"ನೋಡಿದೀನಿ ಕಣೋ, ತಿಂಗಳಿಂದ ನೋಡ್ತಾ ಇದೀನಿ ನಿನ್ನ ಎಡಗಾಲಿನ ಆಟಾನ! ಇಳಿ ಅಂದೆ!"

ಅವನು ಇಳಿದ. ಅವಳೂ ಆಚೆ ಬಾಗಿಲಿನಿಂದ ಇಳಿದು ಬಂದಳು. ಸೆರಗು ಸೊಂಟದಲ್ಲಿತ್ತು. ದನಿ ನಾಲ್ಕನೆಯ ಮಹಡಿಗೆ ಕೇಳಿಸಿತು.

"ನಿನ್ನ ಸೊಟ್ಟ ಕಾಲಿಗೋಸ್ಕರ ತಂದೆ ಕಣೋ ಈ ಲಾರೀನ! ನೀನು ಕುಂಟೋದು ನೋಡಕ್ಕಾಗ್ದೆ ತಂದೆ! ಅದೇ ಕಾಲಲ್ಲಿ ತುಳಿದು ತುಳಿದು ಹಾಳುಮಾಡ್ದಲ್ಲೋ ಪಾಪಿ!"

ಗೇಟಿನ ಹತ್ತಿರ ನಿಂತಿದ್ದವರೆಲ್ಲ ಹನುಮೇಶನ ಕಾಲು ನೋಡಿದರು. ಮಕ್ಕಳೂ ನೋಡಿದವು. ಅವನೂ ಒಂದು ಸಲ ತಲೆ ಬಗ್ಗಿಸಿ ತನ್ನ ಬರಿಗಾಲನ್ನು ನೋಡಿಕೊಂಡ.

"ಲಾರಿ ನಿಮ್ದು ಅಕ್ಕಾ. ಕಾಲು ನಂದು. ಅದನ್ಯಾಕೆ ಬೀದಿಗೆ ತಂದ್ರಿ?" ಎಂದ. ಟವೆಲು ಹೆಗಲಿಗೆ ಹಾಕಿಕೊಂಡು ಹೊರಟ. ಚಪ್ಪಲಿ ಸೀಟಿನ ಹಿಂದೆಯೇ ಉಳಿಯಿತು.

ಮುನಿರಾಜು ಸ್ಟೇರಿಂಗ್ ಹಿಡಿದ. ಲಾರಿ ಅವನನ್ನೂ ಒದೆಯಿತು. "ನೋಡಿದ್ಯಾ ಅಕ್ಕಾ, ಹೆಂಗ್ ಕೆಡಿಸಿ ಹೋಗವನೆ" ಎಂದು ಅವನು ಹೇಳಿದಾಗ ಅವಳೂ ಹೌದು ಎಂದಳು. ಕೆಂಗೇರಿಯಿಂದ ಒಬ್ಬ ಡ್ರೈವರನ್ನು ಕರೆತಂದರು. ಒಂದು ವಾರ ಓಡಿಸಿ, ಕತ್ತಿಗೆ ಪಟ್ಟಿ ಕಟ್ಟಿಕೊಂಡು ಬಂದು, "ಅಮ್ಮಾ, ಇದು ಲಾರಿ ಅಲ್ಲ, ಒನಕೆ" ಎಂದು ಕೈಮುಗಿದು ಹೋದ. ಬ್ಯಾಟರಿ ಹೊಸದು ಹಾಕಿಸಿದರು, ಏಕೆಂದರೆ ಬೆಳಿಗ್ಗೆ ಸೆಲ್ಫ್ ಎತ್ತಲು ಲಾರಿ ನರಳುತ್ತಿತ್ತು. ಹೊಸ ಬ್ಯಾಟರಿಯೂ ನರಳಿತು.

ಚಪ್ಪಲಿ ಸೀಟಿನ ಹಿಂದೆಯೇ ಇತ್ತು. ಒದೆ ಬಿದ್ದಾಗಲೆಲ್ಲ ಜಾರಿ ಮುಂದಕ್ಕೆ ಬಂದು ಅವಳ ಪಾದಕ್ಕೆ ತಗುಲುವುದು. ಅವಳು ಹಿಂದಕ್ಕೆ ತಳ್ಳುವಳು, ಇನ್ನೊಂದು ಒದೆಗೆ ಮತ್ತೆ ಬರುವುದು. ಒಂದು ದಿನ ಮುನಿರಾಜು ಅದನ್ನು ಎತ್ತಿ ಕಿಟಕಿಯಿಂದ ಎಸೆಯಲು ಹೋದ.

"ಮುಟ್ಟಿದ್ರೆ ನೋಡು!" ಎಂದು ಗದರಿದಳು. ಯಾಕೆ ಗದರಿದೆ ಎಂದು ಅವಳಿಗೇ ತಿಳಿಯಲಿಲ್ಲ. ತಿಳಿಯದ್ದಕ್ಕೆ ಇನ್ನೂ ಕೋಪ ಬಂತು.

ಕಾರ್ತಿಕದ ಒಂದು ಬೆಳಿಗ್ಗೆ ರಿಂಗ್ ರೋಡಿನ ಸಿಗ್ನಲಿನಲ್ಲಿ ಅವಳ ಲಾರಿಯ ಪಕ್ಕಕ್ಕೆ ಎಂ ಸ್ಯಾಂಡ್ ತುಂಬಿದ ಹಳೆಯ ಟಿಪ್ಪರ್ ಬಂದು ನಿಂತಿತು. ಕ್ಲಚ್ ಗಾಡಿ. ಸ್ಟೇರಿಂಗಿನಲ್ಲಿ ಹನುಮೇಶ. ಅವನು ಇವಳನ್ನು ನೋಡಲಿಲ್ಲ. ಹಸಿರು ದೀಪ ಬಿದ್ದಾಗ ಎಡ ತೊಡೆಯ ಕೆಳಗೆ ಕೈ ಹಾಕಿ, ಕಾಲನ್ನು ಕೈಯಲ್ಲೇ ಎತ್ತಿ ಕ್ಲಚ್ಚಿನ ಮೇಲೆ ಇಟ್ಟ. ಹಿಂದಿನವರು ಹಾರನ್ ಹೊಡೆದರು. ಅವನ ಮುಖ ಹಿಂಡಿದ ಬಟ್ಟೆಯ ಹಾಗಿತ್ತು. ಟಿಪ್ಪರ್ ಹೋಯಿತು.

"ಯಾವನು ಹೇಳ್ದ ಇವನಿಗೆ ಆ ಗಾಡಿ ಹತ್ತು ಅಂತ! ಬುದ್ಧಿ ಐತಾ ಇವನಿಗೆ!" ಎಂದು ಅವಳು ಬೈದಳು. ಅವಳು ಮನೆ ತಲುಪುವವರೆಗೂ ಬೈದಳು: ಹನುಮೇಶನನ್ನು, ಟಿಪ್ಪರಿನ ಯಜಮಾನನನ್ನು, ಸಿಗ್ನಲನ್ನು, ಹಾರನ್ ಹೊಡೆದವರನ್ನು.

ಅಷ್ಟರಲ್ಲಿ ಲಾರಿಯ ಹಾರನ್ನೂ ಹೋಯಿತು. ಹೋಯಿತು ಎಂದರೆ ಪೂರ್ತಿ ಹೋಗಲಿಲ್ಲ. ಶೀತವಾದ ಆಡು ಕೆಮ್ಮಿದ ಹಾಗೆ ಕೆಮ್ಮುತ್ತಿತ್ತು. ಸ್ಕೂಟರಿನವರು ದಾರಿ ಬಿಡುವುದಿರಲಿ, ತಿರುಗಿ ನೋಡಿ ನಗುತ್ತಿದ್ದರು. ಒದೆಯನ್ನು ತಡೆದುಕೊಂಡವಳಿಗೆ ಇದನ್ನು ತಡೆಯಲಾಗಲಿಲ್ಲ. ಮಾರೇನಹಳ್ಳಿಯ ರಸ್ತೆ ಬದಿಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಅಂಗಡಿಯ ಮುಂದೆ ಲಾರಿ ನಿಲ್ಲಿಸಲು ಹೇಳಿ, "ಹಾರನ್ ಸರಿಮಾಡಪ್ಪಾ, ಕಿವಿ ಕಿತ್ತುಹೋಗೋ ಹಂಗೆ ಹೊಡಿಬೇಕು" ಎಂದಳು.

ಅಂಗಡಿಯವನು ಬ್ಯಾಟರಿಯಿಂದ ನೇರವಾಗಿ ಎರಡು ವೈರು ಕೊಟ್ಟು ನೋಡಿದ. ಹಾರನ್ ಕೂಗಿತು, ಬೀದಿ ನಾಯಿ ಎದ್ದು ಓಡಿತು. "ಹಾರನ್ ಚೆನ್ನಾಗೈತೆ ಅಮ್ಮಾ, ಅರ್ತ್ ಸರಿ ಇಲ್ಲ" ಎಂದು ಲಾರಿಯ ಅಡಿಗೆ ತೂರಿದ. ಗಂಗಲಕ್ಷ್ಮಮ್ಮ ಬಿಡುತ್ತಾಳಾ? ಅವಳೂ ಬಗ್ಗಿದಳು. ಅವನು ಬ್ಯಾಟರಿಯ ಕಪ್ಪು ವೈರಿನ ನಟ್ಟು ಬಿಚ್ಚಿ ವೈರು ಪಕ್ಕಕ್ಕೆ ಸರಿಸಿದ. ಕೆಳಗೆ ಬೂದಿ ಬಣ್ಣ, ದಪ್ಪಗೆ, ಎರಡು ಕೈ ಬಳಿದ ಬಣ್ಣ.

"ಯಾರೋ ಪುಣ್ಯಾತ್ಮ ಅರ್ತ್ ಮೇಲೇನೇ ಪೇಂಟ್ ಬಳಿದವನೆ" ಎಂದು ಅವನು ನಕ್ಕ. "ಬರಿ ಕಬ್ಬಿಣಕ್ಕೆ ವೈರ್ ಕೂರಬೇಕಮ್ಮಾ. ಮಧ್ಯದಲ್ಲಿ ಪೇಂಟ್ ಬಂದ್ರೆ ಕರೆಂಟ್ ಅರೆಬರೆ ಹೋಗ್ತದೆ."

ಅವನು ಉಪ್ಪುಕಾಗದ ತೆಗೆದು ಉಜ್ಜಿದ. ಉಜ್ಜಿ ಉಜ್ಜಿ, ರೂಪಾಯಿ ಅಗಲದಷ್ಟು ಕಬ್ಬಿಣ ಬೆಳ್ಳಗೆ ಮಿಂಚಿತು. ಗಂಗಲಕ್ಷ್ಮಮ್ಮ ಅದನ್ನೇ ನೋಡುತ್ತಾ ಬಗ್ಗಿದ್ದವಳು ಬಗ್ಗಿಯೇ ಇದ್ದಳು.

"ಈ ಕರೆಂಟು ಗೇರಿಗೂ ಹೋಗ್ತದೇನಪ್ಪಾ?" ಎಂದು ಕೇಳಿದಳು. ದನಿ ಸಣ್ಣಗಿತ್ತು.

"ಕ್ಲಚ್ ಇಲ್ಲದ ಗಾಡಿ ಅಲ್ವಾ? ಗೇರ್ ಹಾಕೋದೆಲ್ಲಾ ಕರೆಂಟಿನ ಪೆಟ್ಟಿಗೇನೇ. ಯಾಕಮ್ಮಾ, ಗೇರೂ ತೊಂದ್ರೆ ಐತಾ? ನಂಗೆ ಅದು ಗೊತ್ತಿಲ್ಲ. ಓಡಿಸಿ ನೋಡಿ."

ಮುನಿರಾಜು ಓಡಿಸಿದ. ಒಂದರಿಂದ ಎರಡು, ಎರಡರಿಂದ ಮೂರು. ಅವಳು ಅಭ್ಯಾಸದ ಮೇಲೆ ಕಾಫಿ ಕ್ಯಾನನ್ನು ಗಟ್ಟಿಯಾಗಿ ಹಿಡಿದು, ಹಲ್ಲು ಕಚ್ಚಿ ಕಾದಳು. ಏನೂ ಬರಲಿಲ್ಲ. ಚಪ್ಪಲಿ ಸೀಟಿನ ಹಿಂದೆಯೇ ಉಳಿಯಿತು, ಜಾರಲಿಲ್ಲ. ವಿಜಯನಗರ ದಾಟಿದರೂ ಜಾರಲಿಲ್ಲ.

"ಅಕ್ಕಾ! ಒದೀತಿಲ್ಲ! ಒದೀತಿಲ್ಲ ಕಣಕ್ಕಾ!" ಮುನಿರಾಜು ಹಾರನ್ ಒತ್ತಿ ಒತ್ತಿ ಕೂಗಿದ.

"ಬಾಯ್ ಮುಚ್ಚು" ಎಂದಳು.

ಮನೆ ಮುಂದೆ ಇಳಿದವಳೇ ಪೇಂಟಿನವನ ಶೆಡ್ಡಿನ ಕಡೆ ಹೊರಟಳು. ಮೈಯೆಲ್ಲ ಬೆಂಕಿ. ಅವನ ಬ್ರಷ್ಷು ಮುರಿದು ಅವನ ಬಾಯಿಗೇ ತುರುಕಬೇಕು ಎಂದುಕೊಂಡು ಬಿರಬಿರನೆ ನಡೆದಳು. ಕೆರೆಯ ತಿರುವಿನವರೆಗೂ ನಡೆದಳು. ಅಲ್ಲಿ ಅವನು ಹೇಳಿದ್ದು ನೆನಪಾಯಿತು, ಅಲ್ಲಿ ಪೇಂಟ್ ಹೊಡಿಬಾರ್ದು ಅಂತ. ತಾನು ಹೇಳಿದ್ದೂ ನೆನಪಾಯಿತು, ಎರಡು ಸಲ ಹೊಡಿ, ಇಲ್ಲೇ ನಿಂತಿರ್ತೀನಿ. ನಿಂತುಬಿಟ್ಟಳು. ಕೋಪವೇನೋ ಇತ್ತು, ಬೇಕಾದಷ್ಟಿತ್ತು. ಅದನ್ನು ಯಾರ ಮನೆಗೆ ಕೊಂಡೊಯ್ಯಬೇಕು ಎಂದೇ ತಿಳಿಯಲಿಲ್ಲ. ಎದುರಿಗೆ ಬಂದ ವಾಕಿಂಗಿನವರು ಸೆರಗು ನೋಡಿ ಆಚೆ ಬದಿಗೆ ಸರಿದರು.

ವಾಪಸು ಬಂದಾಗ ಮುನಿರಾಜು ಜಗಲಿಯ ಮೇಲೆ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದ. ಅವನು ದಡ್ಡನಲ್ಲ, ಪೇಂಟಿನ ದಿನ ಶೆಡ್ಡಿನಲ್ಲಿ ಅವನೂ ಇದ್ದ.

"ಅಕ್ಕಾ, ಒಂದ್ ಮಾತು. ಇದನ್ನ ಯಾರ ಹತ್ರಾನೂ ಆಡಬೇಡ. ಗೇರ್ ಬಾಕ್ಸ್ ರಿಪೇರಿ ಮಾಡಿಸ್ದೋ ಅಂತ ಹೇಳೋಣ. ಸುಮ್ನೆ ನಿನ್ನ ಮರ್ಯಾದೆ ಯಾಕೆ ಕಳ್ಕೋತೀಯ? ಲಾರಿ ಸರಿಹೋಯ್ತು, ನಾನಿದೀನಿ ಓಡ್ಸಕ್ಕೆ."

"ಅವನ ಮರ್ಯಾದೆ?"

"ಅವನು ಡ್ರೈವರ್ರು ಅಕ್ಕಾ. ಎಲ್ಲೋ ಓಡಿಸ್ಕೊಂಡು ಇರ್ತಾನೆ."

ಕೈಯಲ್ಲಿದ್ದ ಕಾಫಿ ಕ್ಯಾನನ್ನು ಅವಳು ಎಸೆದಳು. ಅದು ಅವನ ಕಿವಿಯ ಪಕ್ಕದಲ್ಲೇ ಹೋಗಿ ಗೋಡೆಗೆ ಬಡಿಯಿತು. "ಹೇಳಿಕೊಟ್ಟೋನು ನೀನು! ಎಡಗಾಲು ಎಡಗಾಲು ಅಂತ ಕಿವಿ ಕಚ್ಚಿದೋನು ನೀನು! ಕೀ ಇಡು ಅಲ್ಲಿ. ಇನ್ನೊಂದ್ಸಲ ಆ ಸೀಟ್ ಮೇಲೆ ಕೂತ್ರೆ ನನ್ನ ತಮ್ಮ ಅಂತಾನೂ ನೋಡಲ್ಲ."

ಬೈದಿದ್ದು ಅವನನ್ನು. ನೊಂದಿದ್ದು ಬೇರೆ ಕಡೆ. ಕೇಳಿಕೊಂಡ ಕಿವಿ ಯಾರದ್ದು, ನಂಬಿದ ಮನಸ್ಸು ಯಾರದ್ದು, ಗೇಟಿನಲ್ಲಿ ಕೂಗಿದ ಬಾಯಿ ಯಾರದ್ದು?

ಅದೇ ದಿನ ಸಂಜೆ ಹನುಮೇಶನ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ಹಿಡಿದು ಶ್ರೀಗಂಧದ ಕಾವಲಿಗೆ ಹೋದಳು. ಆಟೋದಲ್ಲಿ ಪೇಪರು ಬಿಚ್ಚಿಹೋಯಿತು. ಕೊನೆಯ ಬೀದಿಯಲ್ಲಿ ಊರ ಗೌಡರ ಮನೆಯ ಹೆಂಗಸು ಬೇರೆಯವರ ಸವೆದ ಚಪ್ಪಲಿಯನ್ನು ಕೈಯಲ್ಲೇ ಹಿಡಿದು ನಡೆಯುವುದನ್ನು ಜನ ನೋಡಿದರು. ನೋಡಲಿ ಎಂದುಕೊಂಡಳು.

ಬಾಗಿಲಿಗೆ ಬಂದವಳು ಹನುಮೇಶನ ಹೆಂಡತಿ ಕುಸುಮಾ. ಬನ್ನಿ ಎನ್ನಲಿಲ್ಲ. ಒಳಗೆ ಹನುಮೇಶ ಚಾಪೆಯ ಮೇಲೆ ಕೂತು ಮಂಡಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತಿದ್ದ. ಗಂಗಲಕ್ಷ್ಮಮ್ಮ ಹೊಸಿಲಿನಲ್ಲಿ ನಿಂತೇ ಎಲ್ಲಾ ಹೇಳಿದಳು: ಹಾರನ್ನು, ಉಪ್ಪುಕಾಗದ, ಬೂದಿ ಬಣ್ಣ, ತಾನು ನಿಂತು ಬಳಿಸಿದ್ದು. ಹೇಳುವಾಗಲೂ ಜಗಳವಾಡುವ ದನಿಯಲ್ಲೇ ಹೇಳಿದಳು. ಅವಳಿಗೆ ಬೇರೆ ದನಿ ಇರಲಿಲ್ಲ.

"ಲಾರಿ ಕೆಟ್ಟಿದ್ದು ನನ್ನಿಂದ. ಆಯ್ತಾ? ನಾಳೆಯಿಂದ ಬಾ."

ಹನುಮೇಶ ಗಂಟನ್ನು ಮಂಡಿಯ ಇನ್ನೊಂದು ಕಡೆಗೆ ಇಟ್ಟುಕೊಂಡ. ಮಾತಾಡಿದವಳು ಕುಸುಮಾ.

"ಅಮ್ಮಾರೇ, ನೀವು ಅಂದಿದ್ದು ಗೇಟ್‌ನಲ್ಲಿ. ಈಗ ಹೇಳ್ತಿರೋದು ನಮ್ಮನೆ ಹೊಸಿಲಲ್ಲಿ. ಇಲ್ಲಿ ಕೇಳಿಸ್ಕೊಳ್ಳೋರು ಯಾರು? ನಾನು, ಈ ಬೆಕ್ಕು. ನಮ್ಮಿಬ್ಬರಿಗೂ ಮೊದಲೇ ಗೊತ್ತು ಇವರು ಕೆಡಿಸಿಲ್ಲ ಅಂತ."

"ಅದಕ್ಕೇನೀಗ?"

"ಅವತ್ತಿಂದ ಇವರು ಆ ಕಡೆ ಹೋದ್ರೆ ಸಾಕು, ಮಕ್ಕಳು ಕುಂಟ್ಕೊಂಡು ಹಿಂದೆ ಬರ್ತವಂತೆ. ಚಪ್ಪಲಿ ತಂದಿದೀರಲ್ಲ, ಅದನ್ನ ಇಲ್ಲಿ ಇಡಬೇಡಿ. ಎಲ್ಲಿ ಬರಿಗಾಲಲ್ಲಿ ಕಳಿಸಿದ್ರೋ ಅಲ್ಲೇ ಕೊಡಿ."

ಗಂಗಲಕ್ಷ್ಮಮ್ಮನಿಗೆ ಮೈ ಉರಿಯಿತು. ತನ್ನ ಮುಂದೆ ಯಾರೂ ಹೀಗೆ ಮಾತಾಡಿದ್ದಿಲ್ಲ. ಸೆರಗಿಗೆ ಕೈ ಹೋಯಿತು, ಅಲ್ಲಿಯೇ ನಿಂತಿತು. ಚಪ್ಪಲಿ ಹಿಡಿದುಕೊಂಡೇ ತಿರುಗಿ ನಡೆದಳು.

ಮಾರನೆಯ ಬೆಳಿಗ್ಗೆ ಅಪಾರ್ಟ್‌ಮೆಂಟಿಗೆ ನೀರು ಬರಲಿಲ್ಲ. ಗಂಗಲಕ್ಷ್ಮಮ್ಮ ಬಂದಳು. ನೀರಿನ ಲಾರಿಯನ್ನು ಹಿಂದಿನ ರಾತ್ರಿಯೇ ಬಾಡಿಗೆ ಡ್ರೈವರೊಬ್ಬನಿಂದ ತರಿಸಿ ಗೇಟಿನ ಎದುರು ನಿಲ್ಲಿಸಿದ್ದಳು. ಕೀ ಅವಳ ಕೈಯಲ್ಲಿತ್ತು. ಲಕ್ಷ್ಮೀಪತಿ ಟವೆಲು ಹೊದ್ದು ಓಡಿ ಬಂದರು.

"ಏನಮ್ಮಾ ಇದು, ಲಾರಿ ಇದೆ, ಪೈಪ್ ಹಾಕ್ತಿಲ್ಲ? ಸಂಪು ಖಾಲಿಯಾಗ್ತಾ ಇದೆ."

"ಹಾಕ್ತೀನಿ. ಮೊದಲು ಎಲ್ಲರನ್ನೂ ಕರೀರಿ. ವಾಚ್‌ಮನ್ನಾ, ಬಾ ಇಲ್ಲಿ. ಏ ಮಕ್ಕಳಾ, ಬಸ್ಸು ಆಮೇಲೆ ಬರ್ತದೆ, ಬನ್ರಿ."

"ಬಿಡಿ ಅಮ್ಮಾ, ನಮಗೆ ನೀರು ಬಂದ್ರೆ ಸಾಕು..."

"ಅವತ್ತು ನಿಂತ್ಕೊಂಡು ನೋಡಿದ್ರಲ್ಲ ಸಾರ್? ಕಾಲು ನೋಡಿದ್ರಲ್ಲ? ಇವತ್ತು ನನ್ನ ಮುಖಾನೂ ನೋಡಿ!"

ಅವಳು ಹೇಳಿ ಕಳಿಸಿದ್ದಕ್ಕೆ ಬಂದು ಹನುಮೇಶ ರಸ್ತೆಯ ಆಚೆ ಬದಿ ಕೈಕಟ್ಟಿ ನಿಂತಿದ್ದ. ಪಕ್ಕದಲ್ಲಿ ಕುಸುಮಾ. ಗಂಗಲಕ್ಷ್ಮಮ್ಮ ಅವರ ಕಡೆ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಟಲು ಕಿತ್ತುಹೋಗುವ ಹಾಗೆ ಕೂಗಿದಳು.

"ಎಲ್ಲಾ ಕೇಳ್ರಪ್ಪಾ! ಈ ಲಾರಿ ಕೆಡಿಸಿದ್ದು ಹನುಮೇಶ ಅಲ್ಲ. ನಾನು! ಪೇಂಟಿನವನು ಬೇಡ ಅಂದ್ರೂ ನಿಂತು ಪೇಂಟ್ ಬಳಿಸಿ, ಕರೆಂಟ್ ಹೋಗೋ ಜಾಗ ಮುಚ್ಚಿಸಿದ್ದು ನಾನು! ಅವನು ಸರಿಯಾಗೇ ಓಡಿಸ್ತಿದ್ದ. ಬೈದಿದ್ದು ತಪ್ಪು. ಅವನ ಕಾಲನ್ನ ಬೀದೀಲಿ ಆಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಆ ಕಾಲು ಸವೆದಿದ್ದು ಯಾಕೆ ಗೊತ್ತಾ? ನಿಮಗೆಲ್ಲಾ ನೀರು ತಂದು ತಂದು! ಹಂಗೆ ಕುಂಟಿ ತೋರಿಸೋ ಮಗು ಯಾವುದು? ಮುಂದೆ ಬಾ, ನೋಡೋಣ!"

ಯಾವ ಮಗುವೂ ಮುಂದೆ ಬರಲಿಲ್ಲ. ಒಂದು ಮಾತ್ರ ತನ್ನ ತಾಯಿಯ ಹಿಂದೆ ಸರಿದು ನಿಂತಿತು.

ಅವಳು ಕ್ಯಾಬಿನ್ನಿನಿಂದ ಚಪ್ಪಲಿ ತೆಗೆದು ಎರಡೂ ಕೈಯಲ್ಲಿ ಹಿಡಿದು ರಸ್ತೆ ದಾಟಿದಳು. ಅದನ್ನು ಹನುಮೇಶನ ಪಾದದ ಮುಂದೆ ಇಡಲು ಬಗ್ಗಿದಳು. ಅವನು ತಟ್ಟನೆ ಹಿಂದಕ್ಕೆ ಸರಿದ.

"ಬ್ಯಾಡ ಅಕ್ಕಾ, ನೀವು..."

"ಸುಮ್ನೆ ನಿಂತ್ಕೊಳ್ಳೋ!" ಎಂದು ಗದರಿದಳು. ಕಣ್ಣಿನಲ್ಲಿ ನೀರಿತ್ತು, ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. "ಕೊಟ್ಟಾಗ ಇಸ್ಕೊಳ್ಳೋದು ಕಲಿ."

ಹನುಮೇಶ ಕುಸುಮಾಳ ಮುಖ ನೋಡಿದ. ಅವಳು ತಲೆ ಆಡಿಸಿದಳು. ಅವನು ಚಪ್ಪಲಿ ಮೆಟ್ಟಿಕೊಂಡ, ನಿಧಾನವಾಗಿ ರಸ್ತೆ ದಾಟಿದ, ಲಾರಿಯ ಬಾಗಿಲ ಹತ್ತಿರ ನಿಂತು ಮತ್ತೆ ಬಿಚ್ಚಿ ಸೀಟಿನ ಹಿಂದೆ ಇಟ್ಟ. ಬಾಗಿಲು ಹಿಡಿದು ಒಂದು ಗಳಿಗೆ ನಿಂತ. ಆಮೇಲೆ ಕೈ ಚಾಚಿದ.

"ಕೀ ಕೊಡಿ. ಇನ್ನೊಂದ್ಸಲ ಕಾಲಿನ ಮಾತು ಬಂದ್ರೆ ಲಾರಿ ನಡುರಸ್ತೇಲಿ ಬಿಟ್ಟು ಹೋಗ್ತೀನಿ ಅಕ್ಕಾ, ಹೇಳಿದೀನಿ."

"ಹೋಗು ಹೋಗು. ಮೊದಲು ಹಿಂದಕ್ಕೆ ಹಾಕು, ಸಾರ್ ಸಂಪು ಖಾಲಿ ಅಂತೆ."

ಅವನು ಹಿಂದಕ್ಕೆ ಹಾಕಿದ. ಲಕ್ಷ್ಮೀಪತಿ ಮುಂಜಾಗ್ರತೆಗೆ ನಾಲ್ಕು ಮಾರು ದೂರ ಓಡಿ ನಿಂತರು. ಲಾರಿ ಬೆಣ್ಣೆಯ ಮೇಲೆ ಜಾರಿದ ಹಾಗೆ ಸಂಪಿನ ಪಕ್ಕಕ್ಕೆ ಬಂದು ನಿಂತಿತು.

ಮುಂದಿನ ಎಫ್‌ಸಿಗೆ ಅದೇ ಪೇಂಟಿನವನು. ಚಾಸಿಗೆ ಬೂದಿ ಬಣ್ಣ ಬಳಿದು, ಬ್ರಷ್ಷು ಎತ್ತಿ ಹಿಡಿದು, ಗಂಗಲಕ್ಷ್ಮಮ್ಮನ ಕಡೆ ನೋಡಿ ಬೇಕಂತಲೇ ಕೇಳಿದ: "ಅಮ್ಮಾ, ಇಲ್ಲಿ ಒಂಚೂರು ಬಿಟ್ಟಿದೀನಿ, ಹೊಡಿಲಾ?"

ಅವಳು ಲಾರಿಯ ಅಡಿಯಲ್ಲಿ, ಆ ರೂಪಾಯಿ ಅಗಲದ ಜಾಗದ ಮೇಲೆ ಹೆಬ್ಬೆಟ್ಟು ಒತ್ತಿ ಕೂತಿದ್ದಳು.

"ಹೊಡಿ ನೋಡೋಣ" ಎಂದಳು. "ಕೈ ಮುರೀತೀನಿ."